ಬಾಯಿ ಓದಿತು, ಅರ್ಥವಾಯಿತೇ?

ನಮ್ಮ ಸವದತ್ತಿಯಲ್ಲಿ ಭಾರತ ಹುಣ್ಣಿಮೆ ಹತ್ತಿರ ಬಂದರೆ ಎರಡು ಮಾತು ಕೇಳಿಬರುತ್ತವೆ. ಒಂದು, ಯಲ್ಲಮ್ಮನ ಗುಡ್ಡದ ಜಾತ್ರೆಯಿಂದಾಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಇನ್ನೊಂದು, “ಎಸ್ಸೆಸ್ಸೆಲ್ಸಿ ಬಂತ್ರಿ ಸರ, ಇಂಗ್ಲಿಷಿಗೆ ಏನ್ ಮಾಡೂದು?”

ನಮ್ಮ ಮಕ್ಕಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗಿದೆ. ಹತ್ತನೆಯ ತರಗತಿಯ ಹುಡುಗಿಯ ಕೈಗೆ ಪುಸ್ತಕ ಕೊಟ್ಟರೆ ಎಷ್ಟೋ ಸಲ ತಡವರಿಸದೆ ಒಂದು ಪುಟ ಓದಿ ಮುಗಿಸುತ್ತಾಳೆ. “ಏನ್ ಓದಿದಿ ಬೇಟಾ?” ಎಂದು ಕೇಳಿದಾಗ ಮಾತ್ರ ನೆಲ ನೋಡುತ್ತಾಳೆ.

ಕನ್ನಡ ಮಾಧ್ಯಮವಿರಲಿ, ಉರ್ದು ಮಾಧ್ಯಮವಿರಲಿ, ನಮ್ಮ ಹೆಚ್ಚಿನ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಪ್ರಶ್ನೆಪತ್ರಿಕೆಯಲ್ಲಿ ಪಠ್ಯಪುಸ್ತಕದಲ್ಲಿಲ್ಲದ ಒಂದು ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಅದರ ಅಂಕ ಹೆಚ್ಚೇನಲ್ಲ. ಆದರೆ ಹುಡುಗಿಗೆ ನಿಜವಾಗಿ ಓದಲು ಬರುತ್ತದೆಯೇ ಎಂಬುದು ಗೊತ್ತಾಗುವುದು ಅಲ್ಲಿಯೇ, ಏಕೆಂದರೆ ಗೈಡು ಅಲ್ಲಿಗೆ ತಲುಪುವುದಿಲ್ಲ. ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಪಾಠವನ್ನೇ ತೆಗೆದುಕೊಳ್ಳಿ. ಗೈಡಿನ ಉತ್ತರವನ್ನು ಅಕ್ಷರ ಬಿಡದೆ ಒಪ್ಪಿಸುವ ಮಗುವಿಗೆ, ಸ್ವಾಮಿ ಅಂದು ರಾತ್ರಿ ಅಜ್ಜಿಯ ಬಳಿ ಮಲಗಲು ಏಕೆ ಹಟ ಹಿಡಿದ ಎಂದು ಕನ್ನಡದಲ್ಲಿ ಕೇಳಿ ನೋಡಿ.

ಇಂಗ್ಲಿಷ್ ಒಂದೇ ವಿಷಯದಲ್ಲಿ ಉಳಿದುಹೋದ ಹುಡುಗ ಗ್ಯಾರೇಜಿಗೋ ಗೋವೆಗೋ ಹೋಗುತ್ತಾನೆ. ಹುಡುಗಿಯ ಪಾಟಿಚೀಲ ಅಟ್ಟ ಸೇರುತ್ತದೆ, ಮನೆಯಲ್ಲಿ ನಿಕಾಹ್ ಮಾತು ಶುರುವಾಗುತ್ತದೆ. 2024ರಲ್ಲಿ ಒಂದೇ ವರ್ಷ ಮೂರು ಪರೀಕ್ಷೆ ಬರೆಯುವ ವ್ಯವಸ್ಥೆ ಬಂದಾಗ ಅನೇಕ ತಾಯಂದಿರಿಗೆ ಉಸಿರು ಬಂದಂತಾಯಿತು. ಒಳ್ಳೆಯದೇ. ಆದರೆ ಓದುವ ರೀತಿ ಬದಲಾಗದೆ ಮೂರು ಸಲ ಬರೆದರೂ ಫಲ ಒಂದೇ.

ನಮ್ಮ ಮನೆಗಳಿಗೆ ಅರ್ಥ ತಿಳಿಯದ ಓದು ಹೊಸದಲ್ಲ. ಮಕ್ತಬಿನಲ್ಲಿ ಮಗು ನಾಝಿರಾ ಮುಗಿಸುತ್ತದೆ. ಝೇರ್ ಝಬರ್ ನೋಡಿ ಕುರ್‌ಆನ್ ಓದುತ್ತದೆ. ಅದರ ಪುಣ್ಯದ ಮಾತೇ ಬೇರೆ, ಅದು ಇಂಗ್ಲಿಷ್ ಪ್ಯಾಸೇಜಿಗೆ ಅನ್ವಯಿಸುವುದಿಲ್ಲ! ಮದ್ರಸದ ಮೇಲಿನ ತರಗತಿಗಳಲ್ಲಿ ಮಾತ್ರ ಪರಿಸ್ಥಿತಿ ತಿರುವು ಮುರುವಾಗುತ್ತದೆ. ಅಲ್ಲಿನ ಅರಬಿ ಕಿತಾಬುಗಳಿಗೆ ಝೇರ್ ಝಬರ್ ಇರುವುದಿಲ್ಲ. ವಾಕ್ಯದಲ್ಲಿ ಫಾಇಲ್ ಯಾರು, ಮಫ್‌ಊಲ್ ಯಾವುದು, ಅಂದರೆ ಕೆಲಸ ಮಾಡಿದವರು ಯಾರು, ಕೆಲಸ ಯಾವುದರ ಮೇಲೆ ನಡೆಯಿತು ಎಂದು ತಿಳಿಯದೆ ಪದದ ಕೊನೆಯನ್ನು ಉಚ್ಚರಿಸಲಾಗದು. ಅರ್ಥವಾಗದಿದ್ದರೆ ಉಸ್ತಾದರ ಮುಂದೆ ನಾಲಿಗೆಯೇ ನಿಂತುಬಿಡುತ್ತದೆ. ಇಂಗ್ಲಿಷಿನಲ್ಲಿ ಈ ಕಾವಲುಗಾರನಿಲ್ಲ. ಅರ್ಥವಾಗದಿದ್ದರೂ ಬಾಯಿ ಓಡುತ್ತದೆ, ಕೇಳುವವರೂ ‘ಮಾಶಾ ಅಲ್ಲಾಹ್, ಚೆನ್ನಾಗಿ ಓದುತ್ತಾಳೆ’ ಎನ್ನುತ್ತಾರೆ.

ಆದ್ದರಿಂದ ಆ ಕಾವಲನ್ನು ನಾವೇ ಹಾಕಬೇಕು. ಪ್ರತಿ ವಾಕ್ಯಕ್ಕೆ ನಿಲ್ಲಿಸಿ ಯಾರು, ಏನು ಮಾಡಿದರು ಎಂದು ಕೇಳಬೇಕು. ಹೀಗೆ ಕೇಳಿದಾಗ ಮಗು ಎಲ್ಲಿ ಎಡವುತ್ತದೆ ಎಂಬುದೂ ಕಾಣುತ್ತದೆ. ‘ದಿ ಫಾರ್ಮರ್ ಹೂ ಸೋಲ್ಡ್ ದಿ ಬುಲ್ ವೆಂಟ್ ಹೋಮ್’ ಎಂಬ ವಾಕ್ಯ ಕೊಟ್ಟರೆ ಅನೇಕ ಮಕ್ಕಳು ‘ಹೂ’ ಎಂದರೆ ‘ಯಾರು’ ಎಂದು ಹಿಡಿದು, ಎತ್ತು ಮಾರಿದವರು ಯಾರು ಎಂಬ ಪ್ರಶ್ನೆ ಎಂದುಕೊಳ್ಳುತ್ತಾರೆ. ಕೆಲವರಿಗೆ ಎತ್ತೇ ಮನೆಗೆ ಹೋಗಿರುತ್ತದೆ! ತಪ್ಪು ಮಕ್ಕಳ ಬುದ್ಧಿಯದಲ್ಲ. ಕನ್ನಡದಲ್ಲಿ ‘ಎತ್ತು ಮಾರಿದ ರೈತ’ ಎನ್ನುತ್ತೇವೆ. ವಿವರಣೆ ಮೊದಲು, ರೈತ ಆಮೇಲೆ. ಇಂಗ್ಲಿಷಿನಲ್ಲಿ ರೈತ ಮೊದಲು ಬಂದು ನಿಲ್ಲುತ್ತಾನೆ.

ಈ ಗಂಟು ನಮಗೆ ಮಾತ್ರ ಇಲ್ಲ. ಚೀನೀ ಭಾಷೆಯಲ್ಲೂ ಕನ್ನಡದಂತೆ ವಿವರಣೆಯೇ ಮೊದಲು. ಅಲ್ಲಿ ಹೈಸ್ಕೂಲು ಮುಗಿಸಿದವರು ಜೂನ್ ತಿಂಗಳಲ್ಲಿ ಬರೆಯುವ ಗಾವ್‌ಕಾವ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 750 ಅಂಕಗಳಿದ್ದು, ಇಂಗ್ಲಿಷಿಗೆ 150. ಅದರಲ್ಲಿ ದೊಡ್ಡ ಪಾಲು ಓದಿ ಅರ್ಥಮಾಡಿಕೊಳ್ಳುವ ಪ್ರಶ್ನೆಗಳದ್ದು. ಮೇಲಾಗಿ ಚೀನೀ ಕ್ರಿಯಾಪದಕ್ಕೆ ಕಾಲಕ್ಕೆ ತಕ್ಕಂತೆ ರೂಪ ಬದಲಾಗುವುದಿಲ್ಲ. ನಿನ್ನೆ ನಡೆದದ್ದೋ ನಾಳೆ ನಡೆಯುವುದೋ ಎಂಬುದನ್ನು ಅಲ್ಲಿನ ಮಕ್ಕಳು ಇಂಗ್ಲಿಷ್ ಕ್ರಿಯಾಪದದ ಬಾಲದಿಂದ ಹೊಸದಾಗಿ ಗುರುತಿಸಲು ಕಲಿಯಬೇಕು. ಆ ಕಷ್ಟ ನಮಗಿಲ್ಲ. ‘ಹೋದ’, ‘ಹೋಗುತ್ತಾನೆ’ ನಮ್ಮ ಮಕ್ಕಳಿಗೆ ಹುಟ್ಟಿನಿಂದ ಗೊತ್ತು.

ಇನ್ನು ಗೊತ್ತಿಲ್ಲದ ಪದ. ಒಂದು ಕಠಿಣ ಪದ ಸಿಕ್ಕರೆ ಮಕ್ಕಳು ಅಲ್ಲಿಯೇ ಪೆನ್ನು ಕೆಳಗಿಡುತ್ತಾರೆ, ಇಲ್ಲವೇ ಡಿಕ್ಷನರಿಯ ಮೊದಲ ಅರ್ಥವನ್ನು ಹಿಡಿಯುತ್ತಾರೆ. ‘ರೈಸ್’ ಎಂದರೆ ಏಳು ಎಂದಿದೆ. ಹಾಗಾದರೆ ‘ಮಲಪ್ರಭಾ ರೈಸಸ್ ನಿಯರ್ ಕಣಕುಂಬಿ’ ಎಂದರೆ ನದಿ ಎದ್ದು ನಿಲ್ಲುತ್ತದೆಯೇ? ಕಣಕುಂಬಿ ಖಾನಾಪುರ ತಾಲೂಕಿನ ಕಾಡುಗುಡ್ಡದ ಊರು ಎಂದು ನೆನಪಿಸಿದರೆ ಸಾಕು, ‘ಹುಟ್ಟತೈತ್ರಿ ಸರ’ ಎಂದು ಹಿಂದಿನ ಬೆಂಚಿನವನೂ ಹೇಳುತ್ತಾನೆ. ಅಭ್ಯಾಸಕ್ಕೆ ನಾನು ನಮ್ಮ ಊರಿನದೇ ಪ್ಯಾಸೇಜ್ ಬರೆದುಕೊಡುವುದು ಇದಕ್ಕಾಗಿ. ಲಂಡನ್ನಿನ ಹಿಮದ ಬಗ್ಗೆ ಓದುವಾಗ ಪದವೂ ಹೊಸದು, ವಿಷಯವೂ ಹೊಸದು. ಎರಡನ್ನೂ ಒಟ್ಟಿಗೆ ಹೊರಿಸುವುದು ಸರಿಯಲ್ಲ. ಹಿಮ ಆಮೇಲೆ ಬೀಳಲಿ.

ಮದ್ರಸಗಳಲ್ಲಿ ಮುತಾಲಾ ಎಂಬ ಹಳೆಯ ಪದ್ಧತಿಯಿದೆ. ನಾಳಿನ ಪಾಠವನ್ನು ಇಂದು ರಾತ್ರಿ ವಿದ್ಯಾರ್ಥಿ ಒಬ್ಬನೇ ಕುಳಿತು ನೋಡುತ್ತಾನೆ. ಎಲ್ಲಿಯವರೆಗೆ ತಿಳಿಯಿತು, ಎಲ್ಲಿಂದ ತಿಳಿಯಲಿಲ್ಲ ಎಂದು ಗುರುತಿಸಿಕೊಂಡು ಬೆಳಿಗ್ಗೆ ಉಸ್ತಾದರ ಮುಂದೆ ಕೂರುತ್ತಾನೆ. ಪಾಠವಾದ ಮೇಲೆ ಗೆಳೆಯರು ಸೇರಿ ಒಬ್ಬರಿಗೊಬ್ಬರು ಅದನ್ನೇ ವಿವರಿಸುತ್ತಾರೆ. ಇದಕ್ಕೆ ತಕ್ರಾರ್ ಎನ್ನುತ್ತಾರೆ. (ಕನ್ನಡದ ತಕರಾರು ಅಲ್ಲ, ಆದರೂ ಕೆಲವೊಮ್ಮೆ ಅದೂ ಆಗುತ್ತದೆ.) ಶಾಲೆಯ ಇಂಗ್ಲಿಷಿಗೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಶಿಕ್ಷಕರು ಕನ್ನಡದಲ್ಲಿ ಅರ್ಥ ಹೇಳಿ ಮುಗಿಸಿದ ಮೇಲೆ ಪುಸ್ತಕ ತೆರೆಯುವ ಮಗುವಿಗೆ, ಯಾರೂ ಅರ್ಥ ಹೇಳದ ಪರೀಕ್ಷೆಯ ಗದ್ಯಭಾಗ ಹೇಗೆ ಒಗ್ಗೀತು?

“ನಂಗ ಎ ಬಿ ಸಿ ಡಿನೂ ಬರೂದಿಲ್ರಿ, ನಾ ಹ್ಯಾಂಗ ಕಲಸ್ಲಿ?” ಎನ್ನುವ ತಾಯಂದಿರಿದ್ದಾರೆ. ಸಹೋದರಿಯರೇ, ನೀವು ಇಂಗ್ಲಿಷ್ ಕಲಿಸಬೇಕಾಗಿಲ್ಲ. ರೊಟ್ಟಿ ತಟ್ಟುತ್ತಲೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಓದಿದ್ದನ್ನು ಮನೆಮಾತಿನಲ್ಲಿ ಹೇಳಲು ಹೇಳಿ. ಕಥೆ ನಿಮಗೆ ತಿಳಿದರೆ ಅವಳಿಗೂ ತಿಳಿದಿದೆ. ‘ಅವನು ಕೊಟ್ಟ’ ಎಂದಾಗ ‘ಯಾರು? ಯಾರಿಗೆ?’ ಎಂದು ಕೇಳಿ. ‘ಹಿ’, ‘ಇಟ್’, ‘ದೇ’ ಎಂಬ ಪುಟ್ಟ ಪದಗಳು ಯಾರನ್ನು ಸೂಚಿಸುತ್ತವೆ ಎಂದು ಗಮನಿಸದೆ ಹೋದ ಮಗು ಅಲ್ಲಿ ತಡೆಯುತ್ತದೆ, ಪುಸ್ತಕಕ್ಕೆ ಹಿಂದಿರುಗುತ್ತದೆ. ದಿನಕ್ಕೆ ಹತ್ತು ಸಾಲು ಸಾಕು. ಇನ್ಶಾ ಅಲ್ಲಾಹ್, ಎರಡು ತಿಂಗಳಲ್ಲಿ ವ್ಯತ್ಯಾಸ ನಿಮಗೇ ಕಾಣುತ್ತದೆ.

ಪ್ರಶ್ನೆಯಲ್ಲಿರುವ ಪದವನ್ನು ಗದ್ಯಭಾಗದಲ್ಲಿ ಹುಡುಕಿ ಆ ಸಾಲನ್ನೇ ನಕಲು ಮಾಡುವ ಉಪಾಯವನ್ನು ಎಲ್ಲ ಮಕ್ಕಳೂ ಕಲಿತಿದ್ದಾರೆ. ಕೆಲವೊಮ್ಮೆ ಅಂಕವೂ ಸಿಗುತ್ತದೆ. ಅದು ಸಾಗದ ಒಂದಾದರೂ ಪ್ರಶ್ನೆಯನ್ನು ದಿನವೂ ಕೇಳಬೇಕು. ಮಲಪ್ರಭೆಯ ಪ್ಯಾಸೇಜಿನಲ್ಲಿ ಮೂರೇ ಸಂಗತಿಗಳಿವೆ: ನದಿ ಕಣಕುಂಬಿಯ ಬಳಿ ಹುಟ್ಟುತ್ತದೆ, ನಮ್ಮ ನವಿಲುತೀರ್ಥದಲ್ಲಿ ಅದಕ್ಕೆ ಅಣೆಕಟ್ಟಿದೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೊನೆಗೆ ನಾನು ಕೇಳುವ ಪ್ರಶ್ನೆಗೆ ಅದರಲ್ಲಿ ಸಿದ್ಧ ಸಾಲಿಲ್ಲ. ಇಂದು ರಾತ್ರಿ ನಿಮ್ಮ ಮಕ್ಕಳಿಗೂ ಕೇಳಿ: ನವಿಲುತೀರ್ಥದ ಗೇಟು ತೆರೆದರೆ ನದಿಯ ನೀರು ಕಣಕುಂಬಿಯ ಕಡೆಗೆ ಹೋಗುತ್ತದೆಯೋ, ಕೂಡಲಸಂಗಮದ ಕಡೆಗೋ?