ಹೆಜ್ಜೆ ಎಣಿಸಿದರೆ ಸಾಲದು

ಜನರಿಗೆ ಆರೋಗ್ಯದ ರೂಢಿ ಕಲಿಸಲು ಮೊಬೈಲ್ ಆ್ಯಪ್‌ಗಳು ಒಂದರ ಹಿಂದೊಂದು ಬರುತ್ತಿವೆ. ಕೇಂದ್ರ ಸರ್ಕಾರವೂ 2021ರ ಆಗಸ್ಟಿನಲ್ಲಿ ಫಿಟ್ ಇಂಡಿಯಾ ಆ್ಯಪ್ ಹೊರಡಿಸಿತು. ಇವು ಹೆಜ್ಜೆ ಎಣಿಸುತ್ತವೆ. ಕುಡಿದ ನೀರು, ಮಲಗಿದ ಹೊತ್ತು ಲೆಕ್ಕವಿಡುತ್ತವೆ. ದಿನಕ್ಕೆ 10,000 ಹೆಜ್ಜೆಯೆಂಬ ಮಂತ್ರವಾದರೋ 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ್ದು!

ಸಂಜೆ ಕಾರಿಳಿದು ಉದ್ಯಾನ ಸುತ್ತುವವರಿಗೆ ಇದು ಉಪಯುಕ್ತವೇ ಇರಬಹುದು. ರಿಂಗ್ ಫ್ರೇಮುಗಳ ನಡುವೆ ಪಾಳಿಯುದ್ದಕ್ಕೂ ನಡೆದು ಕಡಿದ ನೂಲು ಸೇರಿಸುವ ಹೆಣ್ಣುಮಗಳಿಗೆ 'ಇನ್ನೂ ನಡೆಯಿರಿ' ಎನ್ನುವುದು ಅಪಹಾಸ್ಯವಲ್ಲವೆ?

ಆ್ಯಪ್ ಬೇಡವೆಂದು ನಾವು ಹೇಳುವುದಿಲ್ಲ. ಅದು ಕೇಳುವ ಪ್ರಶ್ನೆ ಬದಲಾಗಲಿ. ಹತ್ತಿಯ ಧೂಳು ವರ್ಷಗಟ್ಟಲೆ ಕುಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುವುದೇ ಅದರ ಆರಂಭದ ಗುರುತು. 'ಇಂದು ಎದೆ ಬಿಗಿಯಿತೆ?' ಎಂದು ಆ್ಯಪ್ ಅಂದು ಕನ್ನಡದಲ್ಲಿ ಕೇಳಲಿ. ಓದುಬಾರದವರಿಗೆ ದನಿಯಲ್ಲಿ ಕೇಳಲಿ. ಕಾರ್ಡಿಂಗ್ ಖಾತೆಯ ಹತ್ತು ಮಂದಿ ಹೌದೆಂದರೆ ಕೆಟ್ಟಿರುವುದು ಅವರ ರೂಢಿಯಲ್ಲ, ಧೂಳು ಹೀರುವ ಯಂತ್ರ.

ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾ ಬಿಟ್ಟೇಳಲಾಗದ ಸಣ್ಣ ಅಂಗಡಿಕಾರನಿಗಂತೂ ಇ.ಎಸ್.ಐ.ಯೂ ಇಲ್ಲ. ರಕ್ತದೊತ್ತಡ ನೋಡಲು ವಾರಕ್ಕೊಮ್ಮೆ ನರ್ಸಮ್ಮನವರನ್ನು ಪೇಟೆಗೇ ಕಳಿಸಿ, ಆ ದಿನವನ್ನು ಆ್ಯಪ್ ಸಾರಲಿ.

ಈ ಲೆಕ್ಕ ಯಾರ ಕೈಯಲ್ಲಿರಬೇಕು? ಹೆಸರು ಸಹಿತ ಅದು ಮಾಲೀಕರಿಗಾಗಲಿ ವಿಮಾ ಕಂಪನಿಗಾಗಲಿ ಹೋಗಕೂಡದು. ಕೆಮ್ಮುವವನನ್ನು ಗೇಟಿನಾಚೆ ನಿಲ್ಲಿಸಲು ಅಷ್ಟು ಸಾಕು. ಖಾತೆವಾರು ಮೊತ್ತವನ್ನಷ್ಟೇ ಯೂನಿಯನ್ ಕಚೇರಿಯ ಹಲಗೆಯ ಮೇಲೆ ಪ್ರತಿವಾರ ಬರೆಯತಕ್ಕದ್ದು, ಇ.ಎಸ್.ಐ. ವೈದ್ಯರಿಗೂ ಕಾರ್ಖಾನೆ ಇಲಾಖೆಗೂ ಅದರ ಪ್ರತಿ ಹೋಗತಕ್ಕದ್ದು.