ಒಂದೇ ರೆಕಾರ್ಡಿನ ಬ್ಯಾಂಡ್

ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬ ಗೆಳೆಯ ಇದಾನೆ. ಮೂರನೇ ಸೆಮ್‌ನಿಂದ ಅವನ ಲ್ಯಾಪ್‌ಟಾಪಲ್ಲಿ ಸ್ವಂತ ಹಾಡೊಂದು ಕೂತಿದೆ. ಈಗ ಏಳನೇ ಸೆಮ್. ಕೇಳಿದ್ರೆ "ಮಿಕ್ಸಿಂಗ್ ಇನ್ನೂ ಸರಿ ಇಲ್ಲ ಮಗಾ, ಒಳ್ಳೇ ಮೈಕ್ ತಗೊಂಡು ಮಾಡ್ತೀನಿ" ಅಂತಾನೆ. ಅವನಿಗಾಗಿಯೇ ಇದನ್ನ ಬರೀತಿದೀನಿ.

1978ರಲ್ಲಿ ಲಂಡನ್ನಿನಲ್ಲಿ 'ದಿ ನಾರ್ಮಲ್' ಅಂತ ಒಂದು ಬ್ಯಾಂಡ್ ಇತ್ತು. ಬ್ಯಾಂಡ್ ಅಂದ್ರೂ ಅದರಲ್ಲಿದ್ದವನು ಒಬ್ಬನೇ, ಡೇನಿಯಲ್ ಮಿಲ್ಲರ್. ಕಸುಬಿನಲ್ಲಿ ಫಿಲ್ಮ್ ಎಡಿಟರ್. ಸೆಕೆಂಡ್ ಹ್ಯಾಂಡ್ ಕೊರ್ಗ್ 700ಎಸ್ ಸಿಂಥಸೈಜರ್, ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರ್, ಮನೆಯಲ್ಲೇ ಸ್ಟುಡಿಯೋ. ಆ ಸಿಂಥ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತೆ. ಹಾಗಾಗಿ ಒಂದರ ಮೇಲೊಂದು ಟ್ರ್ಯಾಕ್ ಪೇರಿಸಿಯೇ ಹಾಡು ಕಟ್ಟಬೇಕು. ಹಾಡ್ತಾನೆ ಅನ್ನೋದಕ್ಕಿಂತ ಓದ್ತಾನೆ ಅನ್ನಬೇಕು, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ತರ.

ರೆಕಾರ್ಡಿನ ಒಂದು ಕಡೆ 'ಟಿ.ವಿ.ಓ.ಡಿ.', ಇನ್ನೊಂದು ಕಡೆ 'ವಾರ್ಮ್ ಲೆದರೆಟ್'. ಲೆದರೆಟ್ ಅಂದ್ರೆ ನಮ್ಮ ರೆಕ್ಸಿನ್. ಬಿಸಿಲಲ್ಲಿ ನಿಂತ ಬಸ್ಸಿನ ಸೀಟು ನೆನಪಿಸ್ಕೊಳ್ಳಿ. ಜೆ.ಜಿ. ಬ್ಯಾಲಾರ್ಡ್‌ನ 1973ರ 'ಕ್ರ್ಯಾಶ್' ಕಾದಂಬರಿಯಿಂದ ಹುಟ್ಟಿದ ಹಾಡಿದು. ಕಾರು ಅಪಘಾತದಲ್ಲಿ ಸುಖ ಕಾಣುವವರ ಕತೆ. ಮೊದಲ ಸಲ ಕೇಳಿದಾಗ ನನಗೆ ಅಸಹ್ಯವೇ ಆಯ್ತು. ಮೂರನೇ ಸಲಕ್ಕೆ ತಲೆಯಿಂದ ಹೋಗಲೇ ಇಲ್ಲ.

500 ಪ್ರತಿ ಸಾಕು ಅಂದ್ಕೊಂಡಿದ್ದ. ರಫ್ ಟ್ರೇಡ್ ಅಂಗಡಿಯವರು ಕೇಳಿ 2000 ಮಾಡಿಸು ಅಂದ್ರು. ಲೇಬಲ್ ಬೇಕಲ್ಲ, 'ಮ್ಯೂಟ್' ಅಂತ ಹೆಸರಿಟ್ಟ. ಕವರಿನ ಹಿಂದೆ ಮನೆ ವಿಳಾಸ ಹಾಕಿದ. ಅದನ್ನ ನೋಡಿ ಜನ ತಮ್ಮ ಟೇಪುಗಳನ್ನ ಕಳಿಸೋಕೆ ಶುರುಮಾಡಿದ್ರು. ಮುಂದೆ ಡಿಪೆಷ್ ಮೋಡ್ ಬಂದಿದ್ದೂ ಇದೇ ಮ್ಯೂಟ್‌ಗೆ. 1980ರಲ್ಲಿ ಗ್ರೇಸ್ ಜೋನ್ಸ್ 'ವಾರ್ಮ್ ಲೆದರೆಟ್' ಹಾಡಿ, ಆಲ್ಬಮ್‌ಗೂ ಅದೇ ಹೆಸರಿಟ್ಟಳು. ದಿ ನಾರ್ಮಲ್ ಮಾತ್ರ ಎರಡನೇ ಸಿಂಗಲ್ ತರಲೇ ಇಲ್ಲ.

ಇದನ್ನ ಸೋಲು ಅಂತೀರಾ? ನಾನಂತೂ ಒಪ್ಪಲ್ಲ. ನಮ್ಮಲ್ಲಿ ಬ್ಯಾಂಡ್ ಅಂದ್ರೆ ಫೆಸ್ಟ್‌ಗೆ ನಾಲ್ಕು ಕವರ್ ಹಾಡು, ಚಪ್ಪಾಳೆ, ಆಮೇಲೆ ಫೇರ್‌ವೆಲ್. ಚೆನ್ನಾಗೇ ನುಡಿಸ್ತಾರೆ, ಸುಳ್ಳು ಹೇಳಬಾರದು. ಆದ್ರೆ ಪಾಸಾಗಿ ಹೋದ ಸೀನಿಯರ್‌ಗಳದ್ದು ಅಂತ ಇವತ್ತು ಕೇಳೋಕೆ ಏನೂ ಉಳಿದಿಲ್ಲ. ಒಂದೇ ಒಂದು ಹಾಡು ಇದ್ದಿದ್ರೂ ಸಾಕಿತ್ತು.

ನನ್ನ ಗೆಳೆಯನ ಸಾಫ್ಟ್‌ವೇರಲ್ಲಿ ಎಷ್ಟು ಟ್ರ್ಯಾಕ್ ಬೇಕಾದ್ರೂ ಸೇರಿಸಬಹುದು. ಅದೇ ತೊಂದರೆ ಅನ್ಸತ್ತೆ. ನಾಲ್ಕೇ ಇದ್ದಿದ್ರೆ, ನಾಲ್ಕೂ ತುಂಬಿದ ದಿನ ಹಾಡು ಮುಗೀತಿತ್ತು.

ಪ್ರಾಜೆಕ್ಟ್ ರಿಪೋರ್ಟಿನ ಗಲಾಟೆ ಶುರುವಾಗೋ ಮುಂಚೆ ಅಪ್‌ಲೋಡ್ ಮಾಡು ಮಗಾ. ಕೇಳೋಕೆ ರೂಮಲ್ಲಿ ನಾವು ಮೂರು ಜನ ಅಂತೂ ಇದೀವಿ.