ಸಮುದ್ರಕ್ಕೆ ಹೋಗಬೇಡಿ ಎಂದರೆ ಸಾಕೇ?

ರಜೆ ಬಂತೆಂದರೆ ಮದ್ರಸದಲ್ಲಿ ಮಕ್ಕಳಿಗೆ ನಾವು ಹೇಳುವ ಕೊನೆಯ ಮಾತು ಒಂದೇ: "ಸಮುದ್ರಕ್ಕೆ ಹೋಗಬೇಡಿ." ವರ್ಷ ವರ್ಷವೂ ಹೇಳುತ್ತಾ ಬಂದಿದ್ದೇವೆ. ಆದರೆ ಕಳೆದ ಜನವರಿಯಲ್ಲಿ ನಾಲ್ವರು ಹಳೆಯ ಗೆಳೆಯರ ಜೊತೆ ನಾವೇ ಎರಡು ದಿನ ಕೋಡಿ ಬೆಂಗ್ರೆಗೆ ಹೋಗಿ ಬಂದೆವು. ಬಂದ ಮೇಲೆ, ನಾವು ಹೇಳುತ್ತಿದ್ದ ಮಾತು ಅರ್ಧ ಮಾತ್ರ ಅಂತ ಅನಿಸಿದೆ.

ಕೋಡಿ ಬೆಂಗ್ರೆ ಗೊತ್ತುಂಟಲ್ಲ? ಮಲ್ಪೆಯಿಂದ ಉತ್ತರಕ್ಕೆ ಹೋದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ನದಿ, ನಡುವೆ ಪಟ್ಟಿಯಂತೆ ಒಂದಿಷ್ಟು ನೆಲ. ರಸ್ತೆ ಮುಗಿಯುವಲ್ಲಿ ಅಳಿವೆ, ಆಚೆ ದಡದಲ್ಲಿ ಹಂಗಾರಕಟ್ಟೆ. ಪರಿಚಯದವರೊಬ್ಬರ ಹಳೆಯ ಹಂಚಿನ ಮನೆಯಲ್ಲಿ ಉಳಿದುಕೊಂಡೆವು. ಬಾವಿ ನೀರಿನ ಸ್ನಾನ, ಗಂಜಿ, ಒಣಮೀನಿನ ಚಟ್ನಿ, ರಾತ್ರಿ ಜಗಲಿಯಲ್ಲಿ ಚಾಪೆ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಗೆಳೆಯ, "ಎಸಿ ರೂಮಿನಲ್ಲಿ ಇಂಥ ನಿದ್ದೆ ಒಂದು ದಿನವೂ ಬರಲಿಲ್ಲ ಮಾರಾಯ" ಅಂದ. ಸುಬಹ್ ಮುಗಿಸಿ ದಡಕ್ಕೆ ಹೋದರೆ ಮೀನುಗಾರರು ಕೈರಂಪಣಿ ಬಲೆ ಎಳೆಯುತ್ತಿದ್ದರು. ನಾವೂ ಹಗ್ಗಕ್ಕೆ ಕೈ ಕೊಟ್ಟೆವು. ಅಂಗೈ ಸುಲಿಯಿತು. ಆದರೆ ಅವರು, "ಎಳೆದವರಿಗೂ ಪಾಲುಂಟು" ಅಂತ ಒಂದು ಚೀಲ ಬಂಗುಡೆ ಕೊಟ್ಟರು.

ಅದೇ ದಿನ ಸಂಜೆ ಗಲ್ಫಿನ ಗೆಳೆಯ ಅಳಿವೆಯ ಹತ್ತಿರ ನೀರಿಗಿಳಿದ. ಅಲ್ಲಿ ಅಲೆ ಇರಲಿಲ್ಲ, ನೀರು ಕೆರೆಯ ಹಾಗೆ ಕಾಣುತ್ತಿತ್ತು. ಸೊಂಟದವರೆಗೆ ಹೋಗಿದ್ದನಷ್ಟೆ, ಕಾಲಡಿಯ ಮರಳು ಜಾರಿತು. ಬೆಳಿಗ್ಗೆ ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು ಓಡಿ ಬಂದು ಹಗ್ಗ ಎಸೆದರು. ದಡ ಸೇರಿದವನಿಗೆ ಮಾತು ಬರಲಿಲ್ಲ. ಹಿರಿಯರು ಬೈದರು: "ನೀರು ಇಳಿಯುವ ಹೊತ್ತಲ್ವಾ ಇದು? ಒಂದು ಮಾತು ಕೇಳಬಾರದಿತ್ತಾ?"

ಆ ಮಾತು ನಮಗೆ ತಟ್ಟಿತು. ಇಳಿತದ ಹೊತ್ತಿನಲ್ಲಿ ನದಿಯ ನೀರೆಲ್ಲ ಅಳಿವೆಯ ಮೂಲಕವೇ ಕಡಲಿಗೆ ನುಗ್ಗುತ್ತದೆ. ತೆರೆದ ದಡದಲ್ಲೂ ಅಷ್ಟೆ, ಅಲೆ ತಂದ ನೀರು ಒಂದು ಕಿರಿದಾದ ದಾರಿಯಲ್ಲಿ ವಾಪಸ್ ಹೋಗುತ್ತದೆ. ಅಲ್ಲಿ ಹೆಚ್ಚಾಗಿ ಅಲೆ ಒಡೆಯುವುದಿಲ್ಲ, ಹೊರಗಿನವರಿಗೆ ಅದೇ ಸುರಕ್ಷಿತ ಜಾಗ ಅಂತ ಕಾಣುತ್ತದೆ. ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೇ ಈಜಿ ಸುಸ್ತಾಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿದರೆ ಸೆಳೆತದಿಂದ ಹೊರಬರಲು ದಾರಿ ಉಂಟು. ಕಡಲ ಬದಿಯಲ್ಲೇ ಹುಟ್ಟಿದ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದನ್ನು ಹೇಳಿಕೊಡುತ್ತಾರೆ? ಬ್ಯಾರಿ ಎಂಬ ಹೆಸರೇ 'ಬ್ಯಾರ'ದಿಂದ, ಅಂದರೆ ವ್ಯಾಪಾರದಿಂದ ಬಂತು ಎನ್ನುವವರುಂಟು. ಕಡಲ ವ್ಯಾಪಾರದ ಹಿರಿಯರ ಮೊಮ್ಮಕ್ಕಳಿಗೆ ಈಜು ಬರುವುದಿಲ್ಲ!

2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲುಪಾಲಾದರು. ಜೊತೆಗೆ ಶಿಕ್ಷಕರಿದ್ದರೂ ಹೀಗಾಯಿತು. ಇನ್ನು ಮನೆಯಲ್ಲಿ "ಫ್ರೆಂಡಿನ ಮದುವೆ" ಅಂತ ಸುಳ್ಳು ಹೇಳಿ ಬೈಕ್ ಹತ್ತುವ ನಮ್ಮ ಹುಡುಗರ ಗತಿ ಏನು? ಅವರು ಎಲ್ಲಿದ್ದಾರೆ ಅಂತ ಕೂಡಾ ಮನೆಯವರಿಗೆ ಗೊತ್ತಿರುವುದಿಲ್ಲ. ಬೇಡ ಅಂದರೆ ಹುಡುಗರು ನಿಲ್ಲುವುದಿಲ್ಲ, ಕದ್ದು ಹೋಗುತ್ತಾರೆ. ಆ ಸುಳ್ಳಿನಲ್ಲಿ ನಮ್ಮ 'ಬೇಡ'ದ ಪಾಲೂ ಉಂಟು.

ತಂದೆ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳಿಗೆ ಈಜು ಕಲಿಸಿ. ಎಲ್ಲಿಗೆ, ಯಾರ ಜೊತೆ ಅಂತ ಸತ್ಯ ಹೇಳುವಷ್ಟು ಸಲಿಗೆ ಕೊಡಿ. ಮಳೆಗಾಲದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಇಲ್ಲ ಅನ್ನಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ, ನಮ್ಮ ಮಕ್ಕಳಿಗೆ ಅಲ್ಲಿ ಏನು ಕೆಲಸ? ಬೇರೆ ಊರಿನ ದಡಕ್ಕೆ ಹೋಗುವವರು ಅತಿಥಿಗಳು ಎಂಬುದನ್ನೂ ಹೇಳಿಕೊಡಿ. ಬಾಟಲಿ, ಪ್ಲಾಸ್ಟಿಕ್ ತಟ್ಟೆ ಬಿಟ್ಟು ಬಂದರೆ ನಾಳೆ ಅದು ಅವರ ಬಲೆಗೇ ಬೀಳುತ್ತದೆ.

ಈ ಸಲ ರಜೆಗೆ ಬಿಡುವಾಗ ನಾವು ಮಕ್ಕಳಿಗೆ ಬೇರೆ ಮಾತು ಹೇಳಲಿದ್ದೇವೆ: "ಮನೆಯಲ್ಲಿ ಹೇಳಿ ಹೋಗಿ. ನೀರಿಗಿಳಿಯುವ ಮೊದಲು ಆ ಊರಿನ ಮೀನುಗಾರರನ್ನು ಕೇಳಿ. ಅವರು ಬೇಡ ಅಂದರೆ ದಡದಲ್ಲೇ ಕೂತು ಸಮುದ್ರ ನೋಡಿ ಬನ್ನಿ."